ನೀರು ಕೆಡಿಸದೆ ಮೋನೆಯ ಹಾಯಿದೋಣಿಗಳನ್ನು ಬಿಡಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಈ ಚಿತ್ರವನ್ನು ನಾನು ನಾಲ್ಕು ಸಲ ಬಿಡಿಸಿದ್ದೇನೆ. ಮೊದಲ ಮೂರೂ ಸಲ ಆಕಾಶ ಚೆನ್ನಾಗಿ ಬಂತು, ದೋಣಿಗಳೂ ಪರವಾಗಿಲ್ಲ ಅನ್ನುವಷ್ಟಾದವು, ನೀರಿಗೆ ಬಂದಾಗ ಮಾತ್ರ ಎಲ್ಲ ಕಲಸುಮೇಲೋಗರ. ಪಾತ್ರೆ ತೊಳೆದ ನೀರಿನ ಬಣ್ಣ. ಚಿತ್ರಕಲೆ ಕ್ಲಾಸಿನಲ್ಲಿ ನನಗೆ ಹೇಳಿಕೊಟ್ಟದ್ದು ಹಾಗೆ: ನೀರು ಅಂದರೆ ನಯ, ಒಣ ಬ್ರಷ್ ತಗೊಂಡು ತೀಡಬೇಕು, ಒಂದು ಬಣ್ಣ ಇನ್ನೊಂದರೊಳಗೆ ಕರಗಬೇಕು ಅಂತ. ಈ ಚಿತ್ರಕ್ಕೆ ಅದೇ ವಿಷ. ನಾಲ್ಕನೇ ಸಲ ತೀಡುವುದನ್ನು ಬಿಟ್ಟೆ, ನೀರು ಬಂತು. ಆ ನಾಲ್ಕನೇ ಸಲ ಮಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಚಿತ್ರ ಯಾವುದು ಅಂದರೆ ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಯ 'ಅರ್ಜಾಂತೈನಲ್ಲಿ ದೋಣಿ ಪಂದ್ಯ'. ಸುಮಾರು 1872ರದ್ದು. ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ, 48 ಸೆಂಟಿಮೀಟರ್ ಎತ್ತರ, 75 ಸೆಂಟಿಮೀಟರ್ ಅಗಲ. ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಅರ್ಜಾಂತೈ ಅನ್ನುವುದು ಪ್ಯಾರಿಸ್ ಪಕ್ಕದಲ್ಲೇ ಸೀನ್ ನದಿಯ ದಡದಲ್ಲಿರುವ ಊರು. ಆಗಲೇ ಅಲ್ಲಿಗೆ ಪ್ಯಾರಿಸ್‌ನ ಸೇಂಟ್ ಲಜಾರ್ ಸ್ಟೇಷನ್ನಿನಿಂದ ರೈಲಿತ್ತು. ನದಿ ಅಲ್ಲಿ ಅಗಲವಾಗಿ, ಆಳವಾಗಿ ಹರಿಯುತ್ತಿದ್ದುದರಿಂದ ಪ್ಯಾರಿಸ್ ಜನ ರಜೆಯ ದಿನ ಹಾಯಿದೋಣಿ ಓಡಿಸಲು ಅಲ್ಲಿಗೇ ಬರುತ್ತಿದ್ದರು. ಮೋನೆ 1871ರ ಡಿಸೆಂಬರ್‌ನಲ್ಲಿ ಅಲ್ಲಿ ಮನೆ ಮಾಡಿ 1878ರವರೆಗೆ ಇದ್ದ. ಒಂದು ದೋಣಿಯನ್ನೇ ಸ್ಟುಡಿಯೋ ಮಾಡಿಕೊಂಡು, ಅದರ ಮೇಲೊಂದು ಪುಟ್ಟ ಕೋಣೆ ಕಟ್ಟಿಸಿ, ನದಿಯ ಮಧ್ಯೆ ಕೂತು ಚಿತ್ರ ಬಿಡಿಸುತ್ತಿದ್ದ. ಹಾಗೆ ಕೂತವನನ್ನು ಅವನ ಗೆಳೆಯ ಎದುವಾರ್ ಮಾನೆ 1874ರಲ್ಲಿ ಬಿಡಿಸಿದ್ದಾನೆ. ಮೋನೆ, ಮಾನೆ, ಇಬ್ಬರು ಬೇರೆ ಬೇರೆ. ಹೆಸರು ಕೇಳಿ ಆ ಕಾಲದ ಜನಕ್ಕೇ ಗಲಿಬಿಲಿ ಆಗಿತ್ತು, ನಮಗೆ ಆದರೆ ತಪ್ಪೇನಿಲ್ಲ.

ಎಣ್ಣೆ ಬಣ್ಣದಲ್ಲಿ ಒಂದು ಭಾನುವಾರ ಪೂರ್ತಿ ಬೇಕು. ಅಕ್ರಿಲಿಕ್‌ನಲ್ಲಿ ಮಾಡುವವರಿಗೆ ಅಲ್ಲಲ್ಲಿ ಬೇರೆಯಾಗಿ ಹೇಳುತ್ತೇನೆ.

ಹಂತ 1: ಬ್ರಷ್ ಮುಟ್ಟುವ ಮೊದಲು ನೋಡಿ

ಮ್ಯೂಸಿಯಂನ ವೆಬ್‌ಸೈಟಿನಿಂದ ಚಿತ್ರದ ದೊಡ್ಡ ಪ್ರತಿ ಸಿಗುತ್ತದೆ. ಬಣ್ಣದಲ್ಲಿ ಒಂದು, ಕಪ್ಪುಬಿಳುಪಿನಲ್ಲಿ ಒಂದು ಇಟ್ಟುಕೊಳ್ಳಿ. ಫೋನಿನಲ್ಲೇ ಬಣ್ಣ ತೆಗೆದುಹಾಕಬಹುದು.

ಈಗ ಚಿತ್ರದ ಮೇಲಿನ ಅರ್ಧವನ್ನು ಒಂದು ಪೇಪರಿನಿಂದ ಮುಚ್ಚಿ ಕೆಳಗಿನ ಅರ್ಧ ಮಾತ್ರ ನೋಡಿ. ಏನಿದೆ? ಕೆನೆ ಬಣ್ಣದ ತುಂಡುಗಳು, ಇಟ್ಟಿಗೆ ಕೆಂಪು ತುಂಡುಗಳು, ಹಸಿರು ತುಂಡುಗಳು, ನಡುವೆ ನೀಲಿ. ಎಲ್ಲ ಅಡ್ಡಡ್ಡ, ಮುರಿದು ಹಾಕಿದ ಹಾಗೆ. ನೀರು ಅಂತ ಹೇಳಬಹುದಾದದ್ದು ಒಂದೂ ಇಲ್ಲ. ಪೇಪರ್ ತೆಗೆದ ಕೂಡಲೇ ಕೆನೆ ತುಂಡುಗಳು ಹಾಯಿಪಟದ ಪ್ರತಿಬಿಂಬ ಆಗುತ್ತವೆ, ಬಲಗಡೆಯ ಕೆಂಪು ತುಂಡುಗಳು ದಡದ ಮನೆಯ ಪ್ರತಿಬಿಂಬ ಆಗುತ್ತವೆ, ನೀಲಿ ತಾನಾಗಿ ನದಿ ಆಗುತ್ತದೆ. ಈ ಆಟವನ್ನು ನಾಲ್ಕೈದು ಸಲ ಆಡಿ. ನಾಚಿಕೊಳ್ಳಬೇಡಿ, ಮನೆಯವರು ನೋಡಿದರೆ ನೋಡಲಿ. ಮೋನೆ ನೀರನ್ನು ಬಿಡಿಸಿಲ್ಲ, ನೀರಿನ ಮೇಲೆ ಬಿದ್ದಿದ್ದನ್ನು ಬಿಡಿಸಿದ್ದಾನೆ ಅನ್ನುವುದು ಕಣ್ಣಿಗೆ ಹತ್ತಬೇಕು. ಅದು ಹತ್ತದಿದ್ದರೆ ಮುಂದಿನ ಹಂತಗಳೆಲ್ಲ ಸುಮ್ನೆ ಬಣ್ಣ ಖರ್ಚು.

ಸಾಧ್ಯವಾದರೆ ಒಂದು ಸಂಜೆ ಹತ್ತಿರದ ಕೆರೆಗೂ ಹೋಗಿ ಬನ್ನಿ. ಮೂರು ವಿಷಯ ಗಮನಿಸಿ. ಪ್ರತಿಬಿಂಬ ವಸ್ತುವಿನ ನೇರ ಕೆಳಗೆ, ನಿಮ್ಮ ಕಡೆಗೆ ಬೀಳುತ್ತದೆ. ಸೂರ್ಯ ಎಲ್ಲಿದ್ದರೂ ಅದು ಪಕ್ಕಕ್ಕೆ ವಾಲುವುದಿಲ್ಲ, ವಾಲುವುದು ನೆರಳು. ಎರಡನೆಯದು, ಬೆಳ್ಳಗಿರುವ ವಸ್ತು ನೀರಿನಲ್ಲಿ ಸ್ವಲ್ಪ ಮಬ್ಬಾಗುತ್ತದೆ, ಕಪ್ಪಗಿರುವುದು ಸ್ವಲ್ಪ ತಿಳಿಯಾಗುತ್ತದೆ. ಮೂರನೆಯದು, ನಿಮ್ಮ ಕಾಲ ಹತ್ತಿರದ ಅಲೆ ದಪ್ಪ, ದೂರದ ಅಲೆ ದಾರದಷ್ಟು ತೆಳ್ಳಗೆ. ಈ ಮೂರನೆಯದನ್ನು ಮರೆತರೆ ನದಿ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ನನ್ನ ಎರಡನೇ ಪ್ರಯತ್ನದಲ್ಲಿ ಆಗಿದ್ದು ಅದೇ.

ಹಂತ 2: ಸಾಮಾನು

ಬಣ್ಣ ಎಂಟು ಸಾಕು. ಟೈಟಾನಿಯಂ ವೈಟ್ ದೊಡ್ಡ ಟ್ಯೂಬ್ ತಗೊಳ್ಳಿ, ಅದು ಎಲ್ಲಕ್ಕಿಂತ ಜಾಸ್ತಿ ಖಾಲಿಯಾಗುತ್ತದೆ. ಉಳಿದವು ಚಿಕ್ಕವು: ಕೋಬಾಲ್ಟ್ ಬ್ಲೂ, ಅಲ್ಟ್ರಾಮರೀನ್, ವಿರಿಡಿಯನ್ ಹಸಿರು, ಕ್ರೋಮ್ ಅಥವಾ ಕ್ಯಾಡ್ಮಿಯಂ ಯೆಲ್ಲೋ, ಯೆಲ್ಲೋ ಓಕರ್, ವರ್ಮಿಲಿಯನ್, ಕ್ರಿಮ್ಸನ್ ಲೇಕ್. ಕೋಬಾಲ್ಟ್ ದುಬಾರಿ. ಅದೇ ಛಾಯೆಯ ಅಗ್ಗದ ಟ್ಯೂಬಿನ ಮೇಲೆ 'ಹ್ಯೂ' ಅಂತ ಬರೆದಿರುತ್ತದೆ, ಕಲಿಯುವಾಗ ಅದೇ ಸಾಕು. ಮೋನೆಯ ಕಾಲದ ಬಿಳಿ ಸೀಸದ್ದು, ವಿಷ. ಅದನ್ನು ಹುಡುಕಿಕೊಂಡು ಹೋಗಬೇಡಿ.

ಕಪ್ಪು ಟ್ಯೂಬ್ ಮನೆಯಲ್ಲಿದ್ದರೆ ಇವತ್ತೊಂದು ದಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿ. ಎದುರಿಗಿದ್ದರೆ ಕೈ ಹೋಗುತ್ತದೆ.

ಬ್ರಷ್ ಹಂದಿಕೂದಲಿನದು, ತುದಿ ಚಪ್ಪಟೆ ಇರುವುದು, 4, 6, 8ನೇ ನಂಬರ್. ಜೊತೆಗೆ ಗುಂಡು ತುದಿಯದು ಒಂದು, 2ನೇ ನಂಬರ್. ಈ ಚಪ್ಪಟೆ ಬ್ರಷ್ ಇಲ್ಲದೆ ಈ ಕೆಲಸ ಆಗುವುದಿಲ್ಲ, ನೀರಿನ ಒಂದೊಂದು ಬ್ರಷ್ ಏಟೂ ಅದರ ಆಕಾರವೇ. ಇನ್ನೊಂದು ವಿಷಯ. ಬಣ್ಣದ ಟ್ಯೂಬನ್ನು ನಾವು ಟೂತ್‌ಪೇಸ್ಟಿನ ಹಾಗೆ ಹಗುರವಾಗಿ ನೋಡುತ್ತೇವೆ. ಆದರೆ ಹಿಂಡುವ ತವರದ ಟ್ಯೂಬಿಗೆ ಜಾನ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ ಪೇಟೆಂಟ್ ತಗೊಂಡಿದ್ದು 1841ರಲ್ಲಿ. ಅದಕ್ಕೂ ಮೊದಲು ಕಲೆಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಅಂಥ ಚೀಲಗಳನ್ನು ಹೊತ್ತು ದೋಣಿಯಲ್ಲಿ ಕೂತು ಬಿಡಿಸುವುದು ಎಷ್ಟು ಕಷ್ಟ ಇರಬಹುದು ಯೋಚಿಸಿ.

ಉಳಿದದ್ದು ಪ್ಯಾಲೆಟ್ ನೈಫ್, ಸ್ವಲ್ಪ ಅಗಸೆ ಎಣ್ಣೆ, ಟರ್ಪೆಂಟೈನ್, ಹಳೆ ಬನಿಯನ್ನಿನ ತುಂಡುಗಳು. ಬಟ್ಟೆ ಜಾಸ್ತಿ ಇರಲಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕಿಟಕಿ ತೆಗೆದಿರಿ, ಟರ್ಪೆಂಟೈನ್ ವಾಸನೆ ತಲೆಗೇರುತ್ತದೆ.

ಹಂತ 3: ಅಳತೆ

ಅಂಗಡಿಯಲ್ಲಿ 12 ಇಂಚು 18 ಇಂಚಿನ ಕ್ಯಾನ್ವಾಸ್ ಸುಲಭವಾಗಿ ಸಿಗುತ್ತದೆ. ಮೂಲದ ಸುಮಾರು 60 ಪರ್ಸೆಂಟ್ ಆಗುತ್ತದೆ. ಆದರೆ ಮೂಲ ಸ್ವಲ್ಪ ಜಾಸ್ತಿ ಅಗಲ, ಆದ್ದರಿಂದ ಮೇಲ್ಗಡೆ ಅರ್ಧ ಇಂಚು ಮಾಸ್ಕಿಂಗ್ ಟೇಪ್ ಅಂಟಿಸಿಬಿಡಿ. ಹನ್ನೊಂದೂವರೆಗೆ ಹದಿನೆಂಟು. ಲೆಕ್ಕ ಸರಿಹೋಯಿತು.

ಚಿಕ್ಕದಾಗಿ ಬಿಡಿಸಿದರೆ ಮರ್ಯಾದೆ ಕಡಿಮೆ ಅಂದುಕೊಳ್ಳಬೇಡಿ. ಲೂವ್ರ್ ಮ್ಯೂಸಿಯಂನಲ್ಲಿ ಕೂತು ನಕಲು ಮಾಡುವವರಿಗೆ ಮೂಲದ ಅಳತೆಯಲ್ಲೇ ಬಿಡಿಸಬಾರದು ಅಂತ ನಿಯಮವೇ ಇದೆ. ಮೋನೆಯ ಕಥೆ ಇನ್ನೂ ಚೆನ್ನಾಗಿದೆ. 1867ರಲ್ಲಿ ಲೂವ್ರ್‌ನಲ್ಲಿ ಚಿತ್ರ ಬಿಡಿಸಲು ಅನುಮತಿ ತಗೊಂಡವನು ಒಳಗಿನ ದೊಡ್ಡವರ ಚಿತ್ರಗಳಿಗೆ ಬೆನ್ನು ಹಾಕಿ, ಮೇಲಿನಿಂದ ಕಾಣುವ ಬೀದಿಯನ್ನು ಬಿಡಿಸಿದ! ನಾವು ಅವನನ್ನೇ ನಕಲು ಮಾಡಲು ಹೊರಟಿದ್ದೇವೆ.

ಹಂತ 4: ತಳದ ಬಣ್ಣ

ಅಪ್ಪಟ ಬಿಳಿ ಕ್ಯಾನ್ವಾಸ್ ಮೇಲೆ ಶುರು ಮಾಡಿದರೆ ಎಲ್ಲ ಬಣ್ಣವೂ ಕಪ್ಪಗೆ ಕಾಣಿಸುತ್ತದೆ, ನೀವು ಬಿಳಿ ಸೇರಿಸುತ್ತಾ ಹೋಗುತ್ತೀರಿ, ಕೊನೆಗೆ ಚಿತ್ರ ಸುಣ್ಣ ಬಳಿದ ಹಾಗಾಗುತ್ತದೆ. ಅದಕ್ಕೆ ತಿಳಿಯಾದ ಬೂದು ಬಣ್ಣ ಬಳಿಯಿರಿ. ಬಿಳಿಗೆ ಸ್ವಲ್ಪ ಓಕರ್, ಚಿಟಿಕೆಯಷ್ಟು ನೀಲಿ. ಮರಳಿನ ಬಣ್ಣ ಬಂದರೆ ಸರಿ. ಇದನ್ನು ಅಕ್ರಿಲಿಕ್‌ನಲ್ಲಿ ನೀರು ಬೆರೆಸಿ ತೆಳ್ಳಗೆ ಬಳಿದರೆ ಒಂದು ಗಂಟೆಯಲ್ಲಿ ಒಣಗುತ್ತದೆ, ಅದರ ಮೇಲೆ ಎಣ್ಣೆ ಬಣ್ಣ ಹಾಕಬಹುದು. ಉಲ್ಟಾ ಮಾಡಬೇಡಿ. ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಎದ್ದು ಬರುತ್ತದೆ.

ಹಂತ 5: ಗೆರೆ

ಪೆನ್ಸಿಲ್ ಬೇಡ. ಕೋಬಾಲ್ಟ್ ನೀಲಿಯನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಸಣ್ಣ ಬ್ರಷ್‌ನಲ್ಲಿ ಗೆರೆ ಹಾಕಿ. ಮೊದಲು ನೀರು ದಡ ಸೇರುವ ಗೆರೆ. ಅದನ್ನು ಸ್ಕೇಲ್ ಇಟ್ಟು ಹಾಕಿದರೂ ತಪ್ಪಿಲ್ಲ, ಅದು ಒಂದು ಕೂದಲೆಳೆ ಓರೆಯಾದರೂ ನದಿ ಒಂದು ಕಡೆ ಚೆಲ್ಲುವ ಹಾಗೆ ಕಾಣಿಸುತ್ತದೆ. ಆಮೇಲೆ ಹಾಯಿಗಳ ತ್ರಿಕೋನ, ಕಂಬಗಳು, ಬಲಗಡೆ ಮನೆಗಳ ಚೌಕ. ಅಷ್ಟೇ. ಪ್ರತಿಯೊಂದು ಹಾಯಿಯ ತುದಿ ದಡದ ಗೆರೆಯಿಂದ ಎಷ್ಟು ಮೇಲಿದೆ ಅಂತ ಬ್ರಷ್ ಹಿಡಿಯಿಂದ ಅಳೆದು, ಅದರ ಕೆಳಗೆ ನೀರಿನಲ್ಲಿ ಸಣ್ಣ ಗುರುತು ಹಾಕಿಕೊಳ್ಳಿ. ಪ್ರತಿಬಿಂಬ ಹೆಚ್ಚೂ ಕಡಿಮೆ ಅಲ್ಲಿಯವರೆಗೆ ಇಳಿಯುತ್ತದೆ, ಅಲೆಯಿದ್ದರೆ ಇನ್ನೂ ಸ್ವಲ್ಪ ಉದ್ದ ಎಳೆಯುತ್ತದೆ. ಹತ್ತು ನಿಮಿಷದಲ್ಲಿ ಈ ಹಂತ ಮುಗಿಯಬೇಕು.

ಹಂತ 6: ಬಣ್ಣ ಕಲೆಸಿ ಗುಡ್ಡೆ ಮಾಡಿಡಿ

ಅಡುಗೆಗೆ ಮೊದಲು ಎಲ್ಲ ಹೆಚ್ಚಿಟ್ಟುಕೊಳ್ಳುತ್ತೇವಲ್ಲ, ಹಾಗೆ. ನೀರು ಬಿಡಿಸುವ ಮಧ್ಯೆ ಬಣ್ಣ ಕಲೆಸಲು ನಿಂತರೆ ಕೈಯ ಲಯ ತಪ್ಪುತ್ತದೆ. ಬ್ರಷ್‌ನಲ್ಲಿ ಕಲೆಸಬೇಡಿ, ನೈಫ್‌ನಲ್ಲಿ ಕಲೆಸಿ, ಪ್ರತಿಯೊಂದನ್ನೂ ಧಾರಾಳವಾಗಿ ಮಾಡಿ.

ಆಕಾಶಕ್ಕೆ ನಾಲ್ಕು ಪಾಲು ಬಿಳಿ, ಒಂದು ಪಾಲು ಕೋಬಾಲ್ಟ್. ನೀರಿಗೆ ಎರಡು ಪಾಲು ಬಿಳಿ, ಒಂದು ಪಾಲು ಕೋಬಾಲ್ಟ್, ಕಾಳಷ್ಟು ಅಲ್ಟ್ರಾಮರೀನ್. ನೀರಿನ ನೀಲಿ ಆಕಾಶಕ್ಕಿಂತ ಒಂದು ಮೆಟ್ಟಿಲು ಗಾಢವಾಗಿರಲಿ.

ಹಾಯಿಗೆ ಬಿಳಿಯ ಜೊತೆ ಸ್ವಲ್ಪ ಹಳದಿ, ಅದಕ್ಕಿಂತ ಕಡಿಮೆ ವರ್ಮಿಲಿಯನ್. ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯ ಬಣ್ಣ ಬರಬೇಕು. ಇದರಲ್ಲಿ ಅರ್ಧ ಬೇರೆ ಮಾಡಿ, ಅದಕ್ಕೆ ಸ್ವಲ್ಪ ಓಕರ್ ಮತ್ತು ಚೂರು ನೀಲಿ ಸೇರಿಸಿ. ನೀರಿನಲ್ಲಿ ಬೀಳುವ ಹಾಯಿಗೆ ಇದು. ಮೇಲಿನ ಹಾಯಿಯ ಬಣ್ಣವನ್ನೇ ಕೆಳಗೂ ಹಾಕಿದರೆ ನೀರಿನಲ್ಲಿ ಇನ್ನೊಂದು ದೋಣಿ ಮುಳುಗಿರುವ ಹಾಗೆ ಕಾಣುತ್ತದೆ.

ಮನೆಗೆ ವರ್ಮಿಲಿಯನ್, ಓಕರ್, ಸ್ವಲ್ಪ ಬಿಳಿ. ಗಿಡಗಳಿಗೆ ವಿರಿಡಿಯನ್ ಮತ್ತು ಹಳದಿ. ಬರೀ ವಿರಿಡಿಯನ್ ಹಾಕಿದರೆ ಪ್ಲಾಸ್ಟಿಕ್ ಗಿಡ ಆಗುತ್ತದೆ.

ಕಪ್ಪು ಬೇಕಾದ ಕಡೆ ಏನು ಮಾಡುವುದು? ವಿರಿಡಿಯನ್ ಮತ್ತು ಕ್ರಿಮ್ಸನ್ ಸಮ ಪಾಲು ಕಲೆಸಿ ನೋಡಿ. ಹೆಚ್ಚು ಕಡಿಮೆ ಕಪ್ಪೇ ಬರುತ್ತದೆ, ಆದರೆ ಸತ್ತ ಕಪ್ಪಲ್ಲ. ಹಸಿರು ಜಾಸ್ತಿಯಾದರೆ ತಂಪು, ಕ್ರಿಮ್ಸನ್ ಜಾಸ್ತಿಯಾದರೆ ಬೆಚ್ಚಗೆ.

ಕೆಂಪು ಮನೆ ಹಸಿರು ಗಿಡದ ಪಕ್ಕದಲ್ಲೇ ಯಾಕಿದೆ, ಕೆನೆ ಬಣ್ಣದ ಹಾಯಿ ನೀಲಿಯ ಎದುರಿಗೇ ಯಾಕೆ ಅಷ್ಟು ಹೊಳೆಯುತ್ತದೆ ಅನ್ನುವುದಕ್ಕೆ ಕಾರಣ ಇದೆ. ಮಿಶೆಲ್ ಶೆವ್ರಲ್ ಅನ್ನುವ ರಸಾಯನಶಾಸ್ತ್ರಜ್ಞ ನೂಲಿಗೆ ಬಣ್ಣ ಹಾಕುವ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ, ಪಕ್ಕದ ನೂಲಿನ ಬಣ್ಣಕ್ಕೆ ತಕ್ಕ ಹಾಗೆ ಒಂದು ನೂಲಿನ ಬಣ್ಣ ಬೇರೆಯಾಗಿಯೇ ಕಾಣುತ್ತದೆ ಅಂತ ಗಮನಿಸಿ 1839ರಲ್ಲಿ ಪುಸ್ತಕ ಬರೆದ. ಹಸಿರು ಕೆಂಪನ್ನು ಏರಿಸುತ್ತದೆ, ನೀಲಿ ಕಿತ್ತಳೆಯನ್ನು ಏರಿಸುತ್ತದೆ. ರೇಷ್ಮೆ ಸೀರೆಗೆ ಎದುರು ಬಣ್ಣದ ಅಂಚು ನೇಯುವವರಿಗೆ ಇದು ಹೊಸದೇನಲ್ಲ ಬಿಡಿ. ಇದನ್ನು ಕಣ್ಣಾರೆ ನೋಡಬೇಕು ಅಂದರೆ ಮೋನೆಯ ಗೆಳೆಯ, ಚಿತ್ರಕಾರ ರೆನ್ವಾರ್ 1875ರಲ್ಲಿ ಬಿಡಿಸಿದ ಸಣ್ಣ ದೋಣಿಯ ಚಿತ್ರ ಹುಡುಕಿ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದೇ ಸೀನ್ ನದಿ, ಇಬ್ಬರು ಹೆಂಗಸರು, ಉರಿಯುವ ಕಿತ್ತಳೆ ಬಣ್ಣದ ದೋಣಿ, ಸುತ್ತ ಕೋಬಾಲ್ಟ್ ನೀಲಿ. ಅದರಲ್ಲೂ ಕಪ್ಪು ಇಲ್ಲ.

ಹಂತ 7: ಮೇಲಿನ ಅರ್ಧ

ಇಲ್ಲಿ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಇದು ಚೆನ್ನಾಗಿಯೇ ಬರುತ್ತದೆ. ಆಕಾಶ ತೆಳ್ಳಗೆ, ಅಲ್ಲಲ್ಲಿ ತಳದ ಬಣ್ಣ ಇಣುಕಲಿ. ದೂರದ ದಡಕ್ಕೆ ಬಿಳಿ, ಅಲ್ಟ್ರಾಮರೀನ್, ಚೂರು ಕ್ರಿಮ್ಸನ್ ಸೇರಿದ ನೇರಳೆ ಬೂದು. ಹತ್ತಿರದ ಗಿಡ, ಮನೆ ಗಟ್ಟಿ ಬಣ್ಣದಲ್ಲಿ. ಮನೆಗೆ ಕಿಟಕಿ ಬಿಡಿಸಲು ಹೋಗಬೇಡಿ, ಗಾಢವಾದ ಎರಡು ಏಟು ಸಾಕು. ಹಾಯಿಗಳನ್ನು ಮಾತ್ರ ದಪ್ಪ ಬಣ್ಣದಲ್ಲಿ, ಮೇಲಿನಿಂದ ಕೆಳಕ್ಕೆ ಎಳೆಯಿರಿ, ಬ್ರಷ್ ಕೂದಲಿನ ಗೀರು ಉಳಿಯಲಿ.

ಹಂತ 8: ನೀರು

ಇಲ್ಲಿಗೆ ಬರುವಾಗ ಒಂದು ಕಾಫಿ ಕುಡಿದು ಬನ್ನಿ. ಸುಸ್ತಾದ ಕೈ ತೀಡಲು ಶುರು ಮಾಡುತ್ತದೆ.

ಮೊದಲು ನೀಲಿ. 8ನೇ ನಂಬರಿನ ಬ್ರಷ್, ಅಡ್ಡ ಏಟುಗಳು. ಪೂರ್ತಿ ಬಳಿಯಬೇಡಿ. ಹಾಯಿ, ಮನೆ, ಗಿಡಗಳ ನೇರ ಕೆಳಗೆ ಜಾಗ ಖಾಲಿ ಬಿಡಿ, ಆ ಖಾಲಿ ಜಾಗದ ಅಂಚು ಹಲ್ಲುಹಲ್ಲಾಗಿರಲಿ. ನನ್ನ ಮೊದಲ ಮೂರು ಸೋಲಿಗೂ ಕಾರಣ ಇಲ್ಲೇ ಇತ್ತು. ಕೆಳಗಿನ ಅರ್ಧ ಪೂರ್ತಿ ನೀಲಿ ಬಳಿದು, ಆ ಹಸಿ ನೀಲಿಯ ಮೇಲೆ ಕೆನೆ ಬಣ್ಣ ಇಡಲು ಹೋಗುತ್ತಿದ್ದೆ. ಕೆನೆಯಲ್ಲಿ ಹಳದಿ ಇದೆ, ಕೆಳಗೆ ನೀಲಿ ಇದೆ, ಹಳದಿ ನೀಲಿ ಸೇರಿದರೆ ಹಸಿರು. ಆ ಹಸಿರಿನ ಮೇಲೆ ಕೆಂಪು ಬಿದ್ದರೆ ಕಂದು. ಮುಗಿಯಿತು ಕಥೆ.

ಆಮೇಲೆ ಕೆನೆ. ಮಬ್ಬಾಗಿ ಮಾಡಿಟ್ಟ ಗುಡ್ಡೆಯಿಂದ ಬ್ರಷ್ ತುಂಬಾ ತಗೊಂಡು, ಖಾಲಿ ಜಾಗದಲ್ಲಿ ಅಡ್ಡಡ್ಡ ಇಡಿ. ಇಡಿ ಅಂದೆ, ಎಳೆಯಿರಿ ಅನ್ನಲಿಲ್ಲ. ಗಾರೆಯವರು ಕರಣೆಯಲ್ಲಿ ಗಾರೆ ಇಟ್ಟು ಎತ್ತುತ್ತಾರಲ್ಲ, ಅದೇ ಕೈ. ಒಂದು ಸಲ ಇಟ್ಟ ಮೇಲೆ ಅದೇ ಜಾಗಕ್ಕೆ ಮತ್ತೆ ಹೋಗಬೇಡಿ. ಪ್ರತಿ ಏಟಿನ ನಂತರ ಬಟ್ಟೆಯಲ್ಲಿ ಬ್ರಷ್ ಒರೆಸಿ, ಮತ್ತೆ ಬಣ್ಣ ತಗೊಳ್ಳಿ. ಹೌದು, ಪ್ರತಿ ಏಟಿಗೂ. ಅದಕ್ಕೇ ಬನಿಯನ್ ತುಂಡು ಜಾಸ್ತಿ ಬೇಕು ಅಂದಿದ್ದು. ಬ್ರಷ್ ಒರೆಸದೆ ಹತ್ತು ಏಟು ಹಾಕಿದರೆ ಹತ್ತನೆಯದರಲ್ಲಿ ನಿಮ್ಮ ಪ್ಯಾಲೆಟ್ಟಿನ ಎಲ್ಲ ಬಣ್ಣವೂ ಇರುತ್ತದೆ.

ಹಾಗೆಯೇ ಬಲಗಡೆ ಕೆಂಪು, ಹಸಿರು. ಒಂದು ಕೆಂಪು ತುಂಡು, ಕೆಳಗೆ ಸ್ವಲ್ಪ ನೀಲಿ, ಮತ್ತೆ ಕೆಂಪು. ಪಕ್ಕದ ಹಸಿರು ತುಂಡು ಕೆಂಪಿಗೆ ತಾಗಿಯೂ ತಾಗದ ಹಾಗಿರಲಿ. ಅಲ್ಲಲ್ಲಿ ತಳದ ಮರಳು ಬಣ್ಣ ಕಂಡರೆ ಮುಚ್ಚಲು ಓಡಬೇಡಿ, ಬಣ್ಣ ಬಣ್ಣದ ನಡುವೆ ಅದು ಬೇಲಿಯ ಹಾಗೆ ಕೆಲಸ ಮಾಡುತ್ತದೆ.

ಅಗಲದ ಲೆಕ್ಕ ನೆನಪಿದೆಯಾ? ಕ್ಯಾನ್ವಾಸಿನ ಕೆಳ ಅಂಚಿನಲ್ಲಿ 8ನೇ ನಂಬರಿನ ಪೂರ್ತಿ ಅಗಲ. ಮಧ್ಯಕ್ಕೆ ಬಂದಾಗ 6. ದಡದ ಹತ್ತಿರ 4ನೇ ನಂಬರನ್ನು ಅಂಚಿನ ಮೇಲೆ ನಿಲ್ಲಿಸಿ ತೆಳು ಗೆರೆಗಳು, ಒತ್ತೊತ್ತಾಗಿ. ಕೆಳಗೆ ಏಟುಗಳ ನಡುವೆ ಅಂತರ ಜಾಸ್ತಿ, ಮೇಲೆ ಕಡಿಮೆ. ಇಷ್ಟಾದರೆ ನದಿ ತಾನಾಗಿ ಮಲಗುತ್ತದೆ.

ಈಗ ಚಿತ್ರವನ್ನು ಗೋಡೆಗೆ ಒರಗಿಸಿ ಏಳೆಂಟು ಅಡಿ ಹಿಂದೆ ಹೋಗಿ. ಹತ್ತಿರದಿಂದ ಮುರುಕಲು ಹೆಂಚಿನ ರಾಶಿಯ ಹಾಗೆ ಕಂಡದ್ದು ದೂರದಿಂದ ಅಲುಗಾಡುತ್ತದೆ. ಅಲುಗಾಡದಿದ್ದರೆ ಎಲ್ಲೋ ಬಣ್ಣ ಬೆರೆತುಹೋಗಿದೆ. ಆ ಜಾಗವನ್ನು ನೈಫ್‌ನಲ್ಲಿ ಕೆರೆದು ತೆಗೆದು ಮತ್ತೆ ಇಡಿ. ಎಣ್ಣೆ ಬಣ್ಣದ ದೊಡ್ಡ ಉಪಕಾರ ಇದು, ಇಡೀ ದಿನ ಮನಸ್ಸು ಬದಲಾಯಿಸಬಹುದು. ಅಕ್ರಿಲಿಕ್‌ನವರಿಗೆ ಈ ಅನುಕೂಲ ಇಲ್ಲ, ಆದರೆ ಬೇರೆ ಲಾಭ ಇದೆ: ನೀಲಿ ಬೇಗ ಒಣಗುವುದರಿಂದ ಅದರ ಮೇಲೆ ಕೆನೆ ಇಟ್ಟರೂ ಹಸಿರಾಗುವುದಿಲ್ಲ. ಒಣಗಿದ ಮೇಲೆ ಅಕ್ರಿಲಿಕ್ ಒಂದು ಛಾಯೆ ಕಪ್ಪಾಗುತ್ತದೆ, ಅಷ್ಟು ತಿಳಿಯಾಗಿ ಕಲೆಸಿಕೊಳ್ಳಿ.

ಹಂತ 9: ಕಂಬ, ಜನ, ಆಮೇಲೆ ನಿಲ್ಲಿಸುವುದು

ಸಣ್ಣ ಬ್ರಷ್‌ನಲ್ಲಿ ಕಂಬಗಳನ್ನು ಒಂದೇ ಉಸಿರಿನಲ್ಲಿ ಎಳೆಯಿರಿ. ಓರೆಯಾದರೆ ಆಗಲಿ, ದೋಣಿ ಅಲುಗುತ್ತಿದೆ. ದೋಣಿಯಲ್ಲಿ ಕೂತ ಜನ ಅಂದರೆ ಗಾಢ ಬಣ್ಣದ ಒಂದೊಂದು ಚುಕ್ಕೆ, ಮುಖ ಮೂಗು ಬೇಡ. ದೋಣಿ ನೀರಿಗೆ ತಾಗುವ ಕಡೆ ಒಂದು ಗಾಢ ಗೆರೆ ಹಾಕಿ, ಇಲ್ಲವಾದರೆ ದೋಣಿ ಗಾಳಿಯಲ್ಲಿ ತೇಲುತ್ತದೆ.

ಇಲ್ಲಿಗೆ ಬ್ರಷ್ ಕೆಳಗಿಡಿ. 'ಇನ್ನೊಂದು ಚೂರು ಸರಿಮಾಡೋಣ' ಅನ್ನಿಸುತ್ತದೆ, ಖಂಡಿತ ಅನ್ನಿಸುತ್ತದೆ. ಕೋಣೆಯಿಂದ ಆಚೆ ಹೋಗಿ. ಈ ಶೈಲಿಯ ಚಿತ್ರಗಳು 1874ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಒಂದು ಹಳೇ ಫೋಟೋ ಸ್ಟುಡಿಯೋದಲ್ಲಿ ಪ್ರದರ್ಶನಕ್ಕೆ ಬಂದಾಗ, ಇವೆಲ್ಲ ಅರ್ಧಂಬರ್ಧ ಬಿಡಿಸಿದವು ಅಂತಲೇ ತಮಾಷೆ ಮಾಡಿದ್ದು. ನಿಮ್ಮ ಮನೆಯಲ್ಲೂ ಯಾರಾದರೂ 'ಯಾವಾಗ ಮುಗಿಸ್ತೀಯಾ?' ಅಂತ ಕೇಳಿದರೆ ಸರಿಯಾದ ದಾರಿಯಲ್ಲಿದ್ದೀರಿ ಅಂತ ಅರ್ಥ.

ಹಂತ 10: ಒಣಗಿಸುವುದು

ಎಣ್ಣೆ ಬಣ್ಣ ಬಟ್ಟೆಯ ಹಾಗೆ ಒಣಗುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಆದ್ದರಿಂದ ಬಿಸಿಲಿಗೆ ಇಡಬೇಕಾಗಿಲ್ಲ, ಗಾಳಿಯಾಡುವ ಜಾಗ ಸಾಕು. ತೆಳು ಭಾಗ ಒಂದೆರಡು ವಾರದಲ್ಲಿ ಮುಟ್ಟುವಷ್ಟಾಗುತ್ತದೆ, ಹಾಯಿಯ ದಪ್ಪ ಬಣ್ಣ ಇನ್ನೂ ತಡ. ಮಳೆಗಾಲದಲ್ಲಿ ಗೋಡೆಗೆ ಅಂಟಿಸಿ ಇಟ್ಟರೆ ಹಿಂಬದಿಯ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ನನ್ನ ಮೂರನೇ ಚಿತ್ರ ಹಾಗೇ ಹೋಯಿತು. ಅದು ಹೋಗಿದ್ದೇ ಒಳ್ಳೆಯದಾಯಿತು ಅನ್ನಿ. ವಾರ್ನಿಶ್ ಮಾತ್ರ ಆರು ತಿಂಗಳು ಕಾದು ಹಾಕಿ.

ಚಿತ್ರದ ಹಿಂದೆ 'ಮೋನೆಯ ಚಿತ್ರ ನೋಡಿ ಬಿಡಿಸಿದ್ದು' ಅಂತ ಬರೆದು ನಿಮ್ಮ ಹೆಸರು, ತಾರೀಖು ಹಾಕಿ. ಮೋನೆ ತೀರಿಕೊಂಡದ್ದು 1926ರಲ್ಲಿ, ಹಕ್ಕುಸ್ವಾಮ್ಯದ ತೊಂದರೆ ಏನಿಲ್ಲ. ಮುಂಭಾಗದಲ್ಲಿ ಅವನ ಸಹಿ ಮಾತ್ರ ಹಾಕಬೇಡಿ. ತಮಾಷೆಗೂ ಬೇಡ.

ಕೊನೆಗೆ ಆ ಬನಿಯನ್ ತುಂಡುಗಳು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೊಳಗೇ ಕಾವು ಏರಿ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಬಿಡಿಯಾಗಿ ಹರಡಿ ಆಚೆ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಬ್ರಷ್‌ಗಳನ್ನು ಮೊದಲು ಟರ್ಪೆಂಟೈನ್, ಆಮೇಲೆ ಬಟ್ಟೆ ಸೋಪಿನಲ್ಲಿ ಅಂಗೈ ಮೇಲೆ ಉಜ್ಜಿ ತೊಳೆಯಿರಿ. ನೊರೆ ಬೆಳ್ಳಗಾಗುವವರೆಗೆ. 8ನೇ ನಂಬರಿನ ಬುಡದಲ್ಲಿ ನೀಲಿ ಕೂತಿರುತ್ತದೆ, ಅದನ್ನು ಎರಡು ಸಲ ತೊಳೆಯಿರಿ.